ಪೆಟ್ಟಿಗೆಯ ಮೇಲಿನ ಅಂಕಿ, ಕೋಣೆಯೊಳಗಿನ ಸದ್ದು

ಆಂಪ್ಲಿಫೈಯರ್ ಕೊಳ್ಳಲು ಬೆಂಗಳೂರಿನ ಎಸ್‌.ಪಿ. ರಸ್ತೆಗೆ ಹೋದವರ ಬಾಯಿಂದ ಮೊದಲು ಬರುವ ಪ್ರಶ್ನೆ ‘ಎಷ್ಟು ವ್ಯಾಟ್?’ ಸ್ವಲ್ಪ ಓದಿಕೊಂಡವರಾದರೆ ಎರಡನೆಯ ಪ್ರಶ್ನೆ, ‘ಡಿಸ್ಟಾರ್ಷನ್ ಎಷ್ಟು ಪರ್ಸೆಂಟ್?’ ಇದನ್ನು ಕೇಳಿ ನಗುವ ಇನ್ನೊಂದು ಗುಂಪೂ ಇದೆ. ಅಂಕಿಗಳೆಲ್ಲ ಮಾರುವವರ ಮಾತು, ಕಿವಿಯೊಂದೇ ಪ್ರಮಾಣ ಎನ್ನುವುದು ಆ ಗುಂಪಿನ ನಿಲುವು. ಎರಡು ಕಡೆಯಲ್ಲೂ ನನಗೆ ಸ್ನೇಹಿತರಿದ್ದಾರೆ. ಎರಡು ಕಡೆಯವರ ಮಾತೂ ನನಗೆ ಪೂರ್ತಿ ಒಪ್ಪಿಗೆಯಾಗಿಲ್ಲ. ಆಂಪ್ಲಿಫೈಯರ್‌ನ ಅಂಕಿಗಳು ಬಹುಮಟ್ಟಿಗೆ ಸುಳ್ಳಲ್ಲ. ಆದರೆ ಅವನ್ನು ಅಳೆಯುವುದು ಪ್ರಯೋಗಾಲಯದ ಮೇಜಿನ ಮೇಲೆ, ಸ್ಪೀಕರ್ ಇರಬೇಕಾದ ಜಾಗದಲ್ಲಿ ಒಂದು ದಪ್ಪ ರೆಸಿಸ್ಟರ್ ಜೋಡಿಸಿ. ರೆಸಿಸ್ಟರ್ ಹಾಡುವುದಿಲ್ಲ, ಅಲುಗುವುದಿಲ್ಲ, ಸ್ವರ ಏರಿದರೂ ಇಳಿದರೂ ತನ್ನ ಸ್ವಭಾವ ಬದಲಿಸುವುದಿಲ್ಲ. ಮನೆಯಲ್ಲಿರುವುದು ಸ್ಪೀಕರ್. ಈ ಎರಡರ ನಡುವಿನ ಅಂತರ ಎಲ್ಲಿ ದೊಡ್ಡದು, ಎಲ್ಲಿ ಲೆಕ್ಕಕ್ಕಿಲ್ಲದ್ದು ಎಂದು ಬಿಡಿಸಿ ನೋಡದೆ ಅಂಕಿಗಳನ್ನು ನಂಬುವುದೂ ತಳ್ಳಿಹಾಕುವುದೂ ಒಂದೇ ಬಗೆಯ ಅವಸರ ಎಂದು ನನಗೆ ತೋರುತ್ತದೆ.

ವ್ಯಾಟ್‌ನಿಂದಲೇ ಶುರುಮಾಡೋಣ. ಐವತ್ತು ವ್ಯಾಟ್‌ಗಿಂತ ನೂರು ವ್ಯಾಟ್ ಎರಡರಷ್ಟು ಜೋರು ಎಂದು ಭಾವಿಸುವುದು ಸಹಜ. ಆದರೆ ಕಿವಿ ಆ ಲೆಕ್ಕದಲ್ಲಿ ಕೂಡುವುದಿಲ್ಲ. ವಿದ್ಯುತ್ತನ್ನು ಎರಡರಷ್ಟು ಮಾಡಿದರೆ ಸದ್ದಿನ ಮಟ್ಟ ಏರುವುದು 3 ಡೆಸಿಬೆಲ್ ಮಾತ್ರ. ಹಾಡು ನಡೆಯುತ್ತಿರುವಾಗ ಯಾರಾದರೂ ವಾಲ್ಯೂಮನ್ನು ಅಷ್ಟು ಏರಿಸಿದರೆ, ಅಡುಗೆಮನೆಯಲ್ಲಿರುವವರು ‘ಯಾಕೆ, ಜಾಸ್ತಿ ಮಾಡಿದ್ರಾ?’ ಎಂದು ಕೇಳಬಹುದು, ಕೇಳದೆಯೂ ಇರಬಹುದು. ಸದ್ದು ನಿಜಕ್ಕೂ ಎರಡರಷ್ಟಾಯಿತು ಎಂದು ಹೆಚ್ಚಿನವರಿಗೆ ಅನ್ನಿಸಬೇಕಾದರೆ ಸುಮಾರು 10 ಡೆಸಿಬೆಲ್ ಏರಬೇಕು. ಅದಕ್ಕೆ ಬೇಕಾದ ವಿದ್ಯುತ್ತು ಹತ್ತು ಪಟ್ಟು. ಹಾಗಾಗಿ 80 ವ್ಯಾಟ್‌ನದು ಕೊಳ್ಳುವುದೋ 100 ವ್ಯಾಟ್‌ನದೋ ಎಂಬ ಚರ್ಚೆ ಒಂದು ಡೆಸಿಬೆಲ್‌ನಷ್ಟು ಚರ್ಚೆ. ಅದಕ್ಕಾಗಿ ಹೆಚ್ಚು ಹಣ ತೆತ್ತವರು ಆ ವ್ಯತ್ಯಾಸವನ್ನು ಕೇಳಿಸಿಕೊಂಡಿದ್ದಾರೆಂದು ನಂಬುವುದು ಕಷ್ಟ.

ಊರ ಜಾತ್ರೆಯ ಹಳೆಯ ಮೈಕ್‌ಸೆಟ್ ನೆನಪಿರುವವರಿಗೆ ಇದಕ್ಕೆ ಬೇರೆ ಪುರಾವೆ ಬೇಕಿಲ್ಲ. ಮರಕ್ಕೋ ದೇವಸ್ಥಾನದ ಮಾಡಿಗೋ ಕಟ್ಟಿದ ಎರಡು ಹಾರ್ನ್, ಕೆಳಗೆ ಮೇಜಿನ ಮೇಲೆ ಮೂವತ್ತೋ ನಲವತ್ತೋ ವ್ಯಾಟ್‌ನ ಆಂಪ್ಲಿಫೈಯರ್, ಪಕ್ಕದಲ್ಲಿ ಲಾರಿ ಬ್ಯಾಟರಿ. ಅಷ್ಟರಲ್ಲೇ ಹಾಡು ಪಕ್ಕದ ಊರಿಗೂ ಕೇಳುತ್ತಿತ್ತು. ಇಂದು ಹಾಲ್‌ನ ಮೂಲೆಯಲ್ಲಿ ಕುಳಿತ ಹೋಮ್ ಥಿಯೇಟರ್ ಪೆಟ್ಟಿಗೆಯ ಮೇಲೆ ಅದರ ಇಪ್ಪತ್ತು ಪಟ್ಟು ಅಂಕಿ ಇದ್ದರೂ ಸದ್ದು ಕಾಂಪೌಂಡ್ ದಾಟಲು ತಿಣುಕುತ್ತದೆ. ಗುಟ್ಟು ಇರುವುದು ಆಂಪ್ಲಿಫೈಯರ್‌ನಲ್ಲಲ್ಲ. ಒಂದು ವ್ಯಾಟ್ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ ಸ್ಪೀಕರ್ ಎಷ್ಟು ಡೆಸಿಬೆಲ್ ಸದ್ದು ಮಾಡುತ್ತದೆ ಎಂಬುದಕ್ಕೆ ಸೆನ್ಸಿಟಿವಿಟಿ ಎನ್ನುತ್ತಾರೆ. ಒಳ್ಳೆಯ ಹಾರ್ನ್‌ಗೆ ಅದು 108ರ ಆಸುಪಾಸು. ಮನೆಯ ಸಣ್ಣ ಸ್ಪೀಕರ್‌ಗೆ 87 ಇದ್ದರೆ ಸಾಧಾರಣ. ನಡುವಿನ 21 ಡೆಸಿಬೆಲ್ ಎಂದರೆ ವಿದ್ಯುತ್ತಿನಲ್ಲಿ ನೂರಿಪ್ಪತ್ತೈದು ಪಟ್ಟಿಗೂ ಮಿಗಿಲು. ಆ ಮೂವತ್ತು ವ್ಯಾಟ್‌ನ ಮೈಕ್‌ಸೆಟ್ಟಿಗೆ ಸಮನಾಗಲು ಮನೆಯ ಸ್ಪೀಕರ್‌ಗೆ ಲೆಕ್ಕದ ಪ್ರಕಾರ ಮೂರೂಮುಕ್ಕಾಲು ಸಾವಿರ ವ್ಯಾಟ್ ಬೇಕು. ಅದಕ್ಕೆ ಎಷ್ಟೋ ಮೊದಲೇ ಅದರ ಕಾಯಿಲ್ ಸುಟ್ಟಿರುತ್ತದೆ. ಇಲ್ಲಿ ಒಂದು ಮಾತು ಸೇರಿಸಬೇಕು. ಹಾರ್ನ್‌ನಲ್ಲಿ ಬೇಸ್ ಎಂಬುದೇ ಇರಲಿಲ್ಲ. ನಮ್ಮ ಕಿವಿ ಅತ್ಯಂತ ಚುರುಕಾಗಿರುವ 2,000ದಿಂದ 5,000 ಹರ್ಟ್ಸ್‌ವರೆಗಿನ ಸ್ವರಗಳನ್ನೇ ಅದು ಎತ್ತಿ ಎತ್ತಿ ಕೊಡುತ್ತಿತ್ತು. ಜೋರಾಗಿ ಕೇಳಿತು ಎಂಬುದು ನಿಜ, ಚೆನ್ನಾಗಿ ಕೇಳಿತು ಎನ್ನಲಾರೆ.

ಹಾಗಾದರೆ ವ್ಯಾಟ್‌ಗಳು ಬೆಳೆದದ್ದು ಬರಿಯ ಜಾಹೀರಾತಿನ ಚಪಲದಿಂದಲೇ? ಹಾಗೆ ಹೇಳುವವರೂ ಇದ್ದಾರೆ. ಅದನ್ನೂ ನಾನು ಒಪ್ಪುವುದಿಲ್ಲ. 1947ರಲ್ಲಿ ಬ್ರಿಟನ್ನಿನ ವೈರ್‌ಲೆಸ್ ವರ್ಲ್ಡ್ ಪತ್ರಿಕೆಯಲ್ಲಿ ಡಿ. ಟಿ. ಎನ್. ವಿಲಿಯಮ್ಸನ್ ಪ್ರಕಟಿಸಿದ ವಾಲ್ವ್ ಆಂಪ್ಲಿಫೈಯರ್‌ನ ಶಕ್ತಿ 15 ವ್ಯಾಟ್. ಆ ಕಾಲದಲ್ಲಿ ಅತ್ಯುತ್ತಮ ಎನಿಸಿಕೊಂಡ ಮನೆಬಳಕೆಯ ಆಂಪ್ಲಿಫೈಯರ್ ಅದು. ಯಾರಿಗೂ ಸಣ್ಣದೆನಿಸಲಿಲ್ಲ, ಏಕೆಂದರೆ ಆಗಿನ ಸ್ಪೀಕರ್‌ಗಳು ಬೀರುವಿನಷ್ಟು ದೊಡ್ಡವು. 1954ರಲ್ಲಿ ಅಮೆರಿಕದ ಎಡ್ಗರ್ ವಿಲ್ಚರ್ ಗಾಳಿಯಾಡದಂತೆ ಮುಚ್ಚಿದ ಸಣ್ಣ ಪೆಟ್ಟಿಗೆಯಿಂದ ಆಳವಾದ ಬೇಸ್ ಹೊರಡಿಸುವ ಎಆರ್-1 ಎಂಬ ಸ್ಪೀಕರನ್ನು ಮಾರುಕಟ್ಟೆಗೆ ತಂದರು. ಅದಕ್ಕೆ ತೆತ್ತ ಬೆಲೆ ದಕ್ಷತೆ. ಪೆಟ್ಟಿಗೆ ಸಣ್ಣದಿರಬೇಕು, ಬೇಸ್ ಆಳವಾಗಿರಬೇಕು, ಕಡಿಮೆ ವಿದ್ಯುತ್ತಿನಲ್ಲಿ ಜೋರಾಗಿರಬೇಕು. ಈ ಮೂರರಲ್ಲಿ ಎರಡನ್ನು ಮಾತ್ರ ಪಡೆಯಬಹುದು ಎಂಬುದನ್ನು ಸ್ಪೀಕರ್ ತಯಾರಿಸುವವರು ಹಾಫ್‌ಮನ್‌ರ ಕಬ್ಬಿಣದ ನಿಯಮ ಎನ್ನುತ್ತಾರೆ. ಮನೆಗಳು ಚಿಕ್ಕವಾದವು, ಸ್ಪೀಕರ್‌ಗಳು ಚಿಕ್ಕವಾದವು, ಬೇಸ್‌ನ ಆಸೆ ಮಾತ್ರ ಚಿಕ್ಕದಾಗಲಿಲ್ಲ. ವ್ಯಾಟ್ ಬೆಳೆಯಲೇಬೇಕಿತ್ತು. ಅಂದರೆ ಹೆಚ್ಚಿನ ವ್ಯಾಟ್ ಎಂಬುದು ಆಂಪ್ಲಿಫೈಯರ್‌ನ ಹಿರಿಮೆಗಿಂತ ಸ್ಪೀಕರ್‌ನ ಹಸಿವಿನ ಸೂಚನೆ. ಬಿಬಿಸಿ ತನ್ನ ಹೊರಾಂಗಣ ಪ್ರಸಾರದ ವ್ಯಾನ್‌ಗಳಿಗಾಗಿ 1970ರ ದಶಕದಲ್ಲಿ ರೂಪಿಸಿದ ಎಲ್‌ಎಸ್3/5ಎ ಸ್ಪೀಕರ್‌ನ ಸೆನ್ಸಿಟಿವಿಟಿ 83ರ ಸುತ್ತಮುತ್ತ. ಮನುಷ್ಯನ ಮಾತನ್ನು ಅಷ್ಟು ಸಹಜವಾಗಿ ಕೊಡುವ ಪೆಟ್ಟಿಗೆಗಳು ಕಡಿಮೆ ಎಂದು ಇವತ್ತಿಗೂ ಹೇಳುತ್ತಾರೆ. ಪಾಲ್ ಕ್ಲಿಪ್ಶ್ 1946ರಲ್ಲಿ ಮಾರಾಟಕ್ಕಿಟ್ಟ ಮೂಲೆಯ ಹಾರ್ನ್ ಸ್ಪೀಕರ್‌ನದು ನೂರರ ಮೇಲೆ. ಒಂದಕ್ಕೆ ಒಂದು ವ್ಯಾಟ್ ಸಾಕಾಗುವಲ್ಲಿ ಇನ್ನೊಂದಕ್ಕೆ ಹತ್ತಿರ ಹತ್ತಿರ ನೂರು ಬೇಕು. ಸ್ಪೀಕರ್ ಯಾವುದೆಂದು ಹೇಳದೆ ‘ನೂರು ವ್ಯಾಟ್ ಸಾಕೇ?’ ಎಂದು ಕೇಳಿದರೆ ಪ್ರಾಮಾಣಿಕವಾದ ಉತ್ತರವೇ ಇಲ್ಲ.

ಮನೆಯ ಲೆಕ್ಕ ಇನ್ನೂ ಕುತೂಹಲದ್ದು. 87 ಡೆಸಿಬೆಲ್‌ನ ಜೋಡಿ ಸ್ಪೀಕರ್‌ಗೆ ತಲಾ ಒಂದೇ ಒಂದು ವ್ಯಾಟ್ ಕೊಟ್ಟರೂ ಮೂರು ಮೀಟರ್ ದೂರದ ಸೋಫಾದಲ್ಲಿ ಸದ್ದು 80 ಡೆಸಿಬೆಲ್ ದಾಟುತ್ತದೆ. ಮಾಮೂಲಿ ಮಾತುಕತೆಯ ಮಟ್ಟ ಸುಮಾರು 60. ಸಂಜೆ ಕಾಫಿ ಕುಡಿಯುತ್ತ ಹಾಡು ಕೇಳುವಾಗ ಸರಾಸರಿ 65ರಿಂದ 70 ಇದ್ದರೆ ಧಾರಾಳ. ಆಗ ಖರ್ಚಾಗುವುದು ಒಂದು ವ್ಯಾಟ್‌ನ ಮೂವತ್ತರಲ್ಲೊಂದು ಭಾಗ. ಬೆಳಗಿನ ಜಾವ ಮನೆಯವರೆಲ್ಲ ಮಲಗಿರುವಾಗ ಸಣ್ಣಗೆ ಹಚ್ಚಿದ ತಂಬೂರಿ ಶ್ರುತಿಗೆ ಸಾವಿರದಲ್ಲೊಂದು ವ್ಯಾಟ್ ಕೂಡ ಬೇಡ. ಇದನ್ನು ಓದಿ ‘ಹಾಗಾದರೆ ಐದು ವ್ಯಾಟ್ ಸಾಕಲ್ಲ’ ಎನ್ನುವವರಿಗೂ ನನ್ನ ಸಣ್ಣ ತಕರಾರಿದೆ. ಸಂಗೀತ ಸರಾಸರಿಯಲ್ಲಿ ನಡೆಯುವುದಿಲ್ಲ. ಮೃದಂಗದ ಒಂದು ಛಾಪು, ಚಂಡೆಯ ಒಂದು ಪೆಟ್ಟು ಸರಾಸರಿಗಿಂತ 15–20 ಡೆಸಿಬೆಲ್ ಮೇಲೆ ಜಿಗಿಯಬಲ್ಲದು. 20 ಡೆಸಿಬೆಲ್ ಎಂದರೆ ನೂರು ಪಟ್ಟು. ಸರಾಸರಿ ಒಂದು ವ್ಯಾಟ್‌ನಲ್ಲಿ ಜೋರಾಗಿ ಕೇಳುವವನಿಗೆ ಆ ಒಂದು ಕ್ಷಣಕ್ಕೆ ನೂರು ವ್ಯಾಟ್ ಬೇಕು. ಇಷ್ಟಾದರೂ, ಅಷ್ಟು ಜೋರಾಗಿ ಕೇಳುವವರ ಮನೆಯ ಗೋಡೆಯಾಚೆ ಯಾರೂ ವಾಸಿಸದಿದ್ದರೆ ಮಾತ್ರ ಈ ಲೆಕ್ಕ ಕೆಲಸಕ್ಕೆ ಬರುತ್ತದೆ.

ಇನ್ನು ಮೋಸದ ಮಾತು. ತೊಂಬತ್ತರ ದಶಕದ ಟೂ-ಇನ್-ಒನ್‌ಗಳ ಮೇಲೆ ಬೆಳ್ಳಿಬಣ್ಣದ ಸ್ಟಿಕ್ಕರ್‌ನಲ್ಲಿ ಪಿಎಂಪಿಒ ಎಂಬ ನಾಲ್ಕಕ್ಷರದ ಪಕ್ಕದಲ್ಲಿ ಸಾವಿರಗಟ್ಟಲೆ ವ್ಯಾಟ್ ಮೆರೆಯುತ್ತಿತ್ತು. ಅದಕ್ಕೆ ಯಾವ ಮಾನಕವೂ ಇರಲಿಲ್ಲ. ಬರೆದವರ ಧೈರ್ಯವೇ ಅಳತೆಗೋಲು. ಇದನ್ನು ಅರಿತವರು ಅಂದಿನಿಂದ ಒಂದು ಜಾಣ ಸಲಹೆ ಕೊಡುತ್ತ ಬಂದಿದ್ದಾರೆ: ‘ಹಿಂದಿನ ಪ್ಲೇಟ್ ನೋಡಿ, ಗೋಡೆಯಿಂದ ಎಷ್ಟು ವ್ಯಾಟ್ ಎಳೆಯುತ್ತದೆಂದು ಅಲ್ಲಿ ಬರೆದಿರುತ್ತದೆ.’ ಎಳೆದದ್ದಕ್ಕಿಂತ ಹೆಚ್ಚು ಕೊಡಲಾಗದು ಎಂಬ ತರ್ಕ ಗಟ್ಟಿಯಾಗಿಯೇ ಇದೆ. ಇಪ್ಪತ್ತು ವ್ಯಾಟ್ ಎಳೆಯುವ ಪೆಟ್ಟಿಗೆ ಎರಡು ಸಾವಿರ ವ್ಯಾಟ್ ಕೊಡುತ್ತೇನೆಂದರೆ ನಗುವುದೇ ಸರಿ. ಆದರೆ ಒಳ್ಳೆಯ ಆಂಪ್ಲಿಫೈಯರ್‌ಗಳಿಗೆ ಇದೇ ಅಳತೆ ಹಚ್ಚಿದರೆ ಅನ್ಯಾಯವಾದೀತು. ಪ್ಲೇಟ್‌ನ ಮೇಲಿನ ಅಂಕಿಯನ್ನು ಎಷ್ಟೋ ವೇಳೆ ಪೂರ್ಣಶಕ್ತಿಯಲ್ಲಿ ಅಳೆದಿರುವುದಿಲ್ಲ, ಎಂಟನೇ ಒಂದು ಭಾಗದ ಶಕ್ತಿಯಲ್ಲಿ ಅಳೆದಿರುತ್ತಾರೆ. ಸಂಗೀತದ ಸರಾಸರಿ ಬೇಡಿಕೆ ಅಷ್ಟೇ ಎಂಬ ಕಾರಣಕ್ಕೆ. ಹೀಗಾಗಿ ಪ್ಲೇಟ್‌ನ ಅಂಕಿ ಮುಂಬದಿಯ ಅಂಕಿಗಿಂತ ಕಡಿಮೆ ಇದ್ದ ಮಾತ್ರಕ್ಕೆ ಸುಳ್ಳು ಸಿಕ್ಕಿಬಿತ್ತು ಎನ್ನಲಾಗದು.

ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 1974ರಲ್ಲೇ ಈ ಉತ್ಪ್ರೇಕ್ಷೆಗೆ ಕಡಿವಾಣ ಹಾಕಲು ನಿಯಮ ತಂದಿತು. ಆಂಪ್ಲಿಫೈಯರನ್ನು ಮೂರನೇ ಒಂದು ಭಾಗದ ಶಕ್ತಿಯಲ್ಲಿ ಒಂದು ಗಂಟೆ ಓಡಿಸಿ ಬಿಸಿಮಾಡಬೇಕಿತ್ತು, ಆಮೇಲೆ ಹೇಳಿಕೊಂಡ ಶಕ್ತಿಯನ್ನು ಐದು ನಿಮಿಷ ಸತತವಾಗಿ ಕೊಡಬೇಕಿತ್ತು. ಆದರೆ ಎಷ್ಟು ಡಿಸ್ಟಾರ್ಷನ್‌ನಲ್ಲಿ, ಯಾವ ಸ್ವರವ್ಯಾಪ್ತಿಯಲ್ಲಿ ಎಂಬ ಆಯ್ಕೆ ಕಂಪನಿಯ ಕೈಯಲ್ಲೇ ಉಳಿದಿತ್ತು. ಆ ಸಂದಿಯಲ್ಲೇ ಶೇ. 10 ಡಿಸ್ಟಾರ್ಷನ್‌ನಲ್ಲಿ, 1,000 ಹರ್ಟ್ಸ್ ಒಂದರಲ್ಲೇ ಅಳೆದ ವ್ಯಾಟ್‌ಗಳು ನುಸುಳಿಬಂದವು. 2024ರಲ್ಲಿ ಆ ಸಂದಿಯನ್ನು ಮುಚ್ಚಿದರು: 8 ಓಮ್, 20ರಿಂದ 20,000 ಹರ್ಟ್ಸ್, ಡಿಸ್ಟಾರ್ಷನ್ ಶೇ. 1ರ ಒಳಗೆ. ಧ್ವನಿಪ್ರಿಯರು ಇದನ್ನು ದೊಡ್ಡ ಗೆಲುವೆಂದು ಕೊಂಡಾಡಿದರು. ನನಗೂ ಸಂತೋಷವೇ. ಆದರೆ ಶೇ. 10ರಲ್ಲಿ ಅಳೆದ ನೂರು ವ್ಯಾಟ್, ಶೇ. 1ರಲ್ಲಿ ಅಳೆದರೆ ಸುಮಾರು 75–80 ಆಗುತ್ತದೆ. ಸದ್ದಿನಲ್ಲಿ ಅದು ಹೆಚ್ಚುಕಡಿಮೆ ಒಂದು ಡೆಸಿಬೆಲ್. ಇಷ್ಟು ಸಿಟ್ಟು ಹುಟ್ಟಿಸಿದ ಆ ಸುಳ್ಳಿನ ತೂಕ ಅಷ್ಟೇ. ಅದೇ ಹೊತ್ತಿನಲ್ಲಿ ಸ್ಪೀಕರ್ ಪೆಟ್ಟಿಗೆಯ ಮೇಲೆ ಸೆನ್ಸಿಟಿವಿಟಿಯನ್ನು 3 ಡೆಸಿಬೆಲ್ ಏರಿಸಿ ಬರೆದರೆ ಅದು ಆಂಪ್ಲಿಫೈಯರನ್ನು ಅರ್ಧಕ್ಕಿಳಿಸಿದಂತೆ. ಅದರ ಬಗ್ಗೆ ಇಷ್ಟು ಗದ್ದಲ ನಾನಂತೂ ಕೇಳಿಲ್ಲ.

ಓಮ್‌ಗಳ ವಿಷಯ ಚಿಕ್ಕದು. ಸ್ಪೀಕರ್‌ನ ಹಿಂದೆ 8 ಓಮ್ ಎಂದಿದ್ದರೆ ಅದು ಸದಾ 8 ಓಮ್ ಅಲ್ಲ. ಒಂದು ಸ್ವರದಲ್ಲಿ 30ಕ್ಕೆ ಏರಿ ಇನ್ನೊಂದರಲ್ಲಿ 6ಕ್ಕೋ ಅದಕ್ಕೂ ಕೆಳಕ್ಕೋ ಇಳಿಯುವ ವಕ್ರರೇಖೆ. ಹೇಳಿದ ಅಂಕಿಯ ಶೇ. 80ಕ್ಕಿಂತ ಕೆಳಗಿಳಿಯಬಾರದೆಂದು ಅಂತಾರಾಷ್ಟ್ರೀಯ ಮಾನಕವಿದೆ. ಆದರೂ 8 ಎಂದು ಬರೆದುಕೊಂಡು 4ರ ಹತ್ತಿರ ಸುಳಿದಾಡುವ ಸ್ಪೀಕರ್‌ಗಳು ಅಪರೂಪವಲ್ಲ. ರೆಸಿಸ್ಟರ್‌ನ ಮೇಲೆ ಸಲೀಸಾಗಿ ನೂರು ವ್ಯಾಟ್ ಕೊಟ್ಟ ಆಂಪ್ಲಿಫೈಯರ್ ಬೆವರುವುದು ಇಲ್ಲೇ. ಆದ್ದರಿಂದ 8 ಓಮ್‌ಗೆ ಎಷ್ಟು ಎಂಬ ಅಂಕಿಗಿಂತ, 4 ಓಮ್‌ಗೆ ಅದು ಎಷ್ಟು ಪಟ್ಟು ಏರುತ್ತದೆ ಎಂಬುದೇ ಒಳಗಿನ ಟ್ರಾನ್ಸ್‌ಫಾರ್ಮರ್‌ನ ಗಟ್ಟಿತನವನ್ನು ಹೆಚ್ಚು ಹೇಳುತ್ತದೆ. ಈ ಅಂಕಿಯನ್ನು ನಾನು ನಂಬುತ್ತೇನೆ.

ಕಾಯಿಲ್‌ನ ಬಿಸಿಯ ಲೆಕ್ಕ ಮಾತ್ರ ಯಾವ ಕರಪತ್ರದಲ್ಲೂ ಬರುವುದಿಲ್ಲ. ಮನೆಯ ಸ್ಪೀಕರ್‌ಗೆ ಕೊಟ್ಟ ವಿದ್ಯುತ್ತಿನಲ್ಲಿ ಸದ್ದಾಗುವುದು ಶೇ. 1ರ ಆಸುಪಾಸು, ಉಳಿದದ್ದೆಲ್ಲ ಕಾಯಿಲ್‌ನ ಶಾಖ. ತಾಮ್ರ ಬಿಸಿಯಾದಂತೆ ಅದರ ರೋಧ ಏರುತ್ತದೆ. 20 ಡಿಗ್ರಿಯಿಂದ 200 ಡಿಗ್ರಿಗೆ ಹೋದರೆ ಶೇ. 70ರಷ್ಟು. ಆಗ ಅದೇ ಆಂಪ್ಲಿಫೈಯರ್‌ನಿಂದ ಕಾಯಿಲ್ ಎಳೆದುಕೊಳ್ಳುವ ಕರೆಂಟೇ ಕುಗ್ಗುತ್ತದೆ. ಮದುವೆ ಛತ್ರದಲ್ಲಿ ಬೆಳಿಗ್ಗೆ ಗರ್ಜಿಸುತ್ತಿದ್ದ ಸ್ಪೀಕರ್ ಊಟದ ಹೊತ್ತಿಗೆ ಮಂಕಾಗಿ ಕೇಳಿದರೆ, ಕೇಳಿ ಕೇಳಿ ದಣಿದ ನಮ್ಮ ಕಿವಿಯನ್ನು ದೂರುವ ಮೊದಲು ಇದನ್ನೂ ನೆನೆಯಬಹುದು.

ಡಿಸ್ಟಾರ್ಷನ್ ಎಂಬ ವಿಕೃತಿಯ ಬಗ್ಗೆ ತುಸು ನಿಧಾನವಾಗಿ ಹೇಳಬೇಕು. ಶೇ. 0.01 ಎಂದರೆ ಮೂಲ ಸ್ವರಕ್ಕಿಂತ 80 ಡೆಸಿಬೆಲ್ ಕೆಳಗೆ. 80 ಡೆಸಿಬೆಲ್‌ನಲ್ಲಿ ಹಾಡು ಕೇಳುತ್ತಿದ್ದರೆ ಆ ವಿಕೃತಿ ಕಿವಿಯ ಹೊಸ್ತಿಲಲ್ಲೇ ನಿಲ್ಲುತ್ತದೆ. ಫ್ಯಾನು ತಿರುಗುವ, ಹೊರಗೆ ಆಟೋ ಓಡಾಡುವ ಕೋಣೆಯಲ್ಲಂತೂ ಅದು ಕೇಳುವ ಮಾತೇ ಇಲ್ಲ. ಅತ್ತ ಸ್ಪೀಕರನ್ನು ನೋಡಿ: ಸ್ವಲ್ಪ ಜೋರಾಗಿ ಹಚ್ಚಿದಾಗ 50 ಹರ್ಟ್ಸ್ ಆಸುಪಾಸಿನಲ್ಲಿ ಸಣ್ಣ ಸ್ಪೀಕರ್ ಶೇ. 3–5ರಷ್ಟು ವಿಕೃತಿ ಸೇರಿಸುವುದು ಸಾಮಾನ್ಯ. ಆಂಪ್ಲಿಫೈಯರ್‌ನಲ್ಲಿ 0.01 ಮೇಲೋ 0.005 ಮೇಲೋ ಎಂದು ವಾದಿಸುವುದು ಕೆಸರುಗದ್ದೆಯಲ್ಲಿ ನಡೆಯುತ್ತ ಚಪ್ಪಲಿಯ ಧೂಳು ಒರೆಸಿಕೊಂಡ ಹಾಗೆ.

ಇಷ್ಟಕ್ಕೇ ನಿಲ್ಲಿಸಿದರೆ ‘ಡಿಸ್ಟಾರ್ಷನ್ ಅಂಕಿ ವ್ಯರ್ಥ’ ಎಂಬ ಇನ್ನೊಂದು ಸುಲಭದ ನಂಬಿಕೆಗೆ ಬೀಳುತ್ತೇವೆ. ಒಂದು ಶೇಕಡಾ ಇನ್ನೊಂದು ಶೇಕಡಾಕ್ಕೆ ಸಮನಲ್ಲ. ಸ್ವರದ ಎರಡು ಪಟ್ಟು ಆವರ್ತನದಲ್ಲಿ ಸೇರುವ ವಿಕೃತಿ ಮೇಲಿನ ಸ್ಥಾಯಿಯ ಅದೇ ಸ್ವರ. ಮೂಲದ ಮರೆಯಲ್ಲಿ ಅಡಗುತ್ತದೆ, ಕೆಲವರಿಗೆ ಹಿತವಾಗಿಯೂ ಕೇಳುತ್ತದೆ. ಏಳನೆಯದೋ ಒಂಬತ್ತನೆಯದೋ ಪಟ್ಟಿನಲ್ಲಿ ಸೇರುವುದು ಅತಿ ಕಡಿಮೆ ಇದ್ದರೂ ಕಿವಿಗೆ ಚುಚ್ಚುತ್ತದೆ. ಬಿಬಿಸಿಯ ಎಂಜಿನಿಯರ್ ಡಿ. ಇ. ಎಲ್. ಶಾರ್ಟರ್, ಮೇಲುಮೇಲಿನ ವಿಕೃತಿಗಳಿಗೆ ಹೆಚ್ಚು ತೂಕ ಕೊಟ್ಟು ಲೆಕ್ಕ ಹಾಕಬೇಕೆಂದು 1950ರಲ್ಲೇ ಸೂಚಿಸಿದ್ದರು. ಮುಕ್ಕಾಲು ಶತಮಾನ ಕಳೆದರೂ ಪೆಟ್ಟಿಗೆಯ ಮೇಲೆ ಎಲ್ಲವನ್ನೂ ಒಂದೇ ರಾಶಿ ಮಾಡಿದ ಒಂಟಿ ಅಂಕಿಯೇ ಅಚ್ಚಾಗುತ್ತಿದೆ. 1970ರ ದಶಕದಲ್ಲಿ ಈ ಒಂಟಿ ಅಂಕಿಯ ಪೈಪೋಟಿ ನಡೆಯಿತು. ಹೊರಬಂದ ಸಂಕೇತವನ್ನು ಹಿಂದಕ್ಕೆ ತಿರುಗಿಸಿ ತಪ್ಪು ತಿದ್ದುವ ಫೀಡ್‌ಬ್ಯಾಕ್ ಹೆಚ್ಚಿಸಿ ಸೊನ್ನೆಗಳ ಮೇಲೆ ಸೊನ್ನೆ ಸೇರಿಸಿದರು. ನಿಧಾನ ಸ್ವಭಾವದ ಆಂಪ್ಲಿಫೈಯರ್‌ನಲ್ಲಿ ಹೀಗೆ ಮಾಡಿದರೆ ಥಟ್ಟನೆ ಏರುವ ಸದ್ದುಗಳಲ್ಲಿ ಬೇರೆಯೇ ಬಗೆಯ ವಿಕೃತಿ ಹುಟ್ಟಬಹುದೆಂದು ಫಿನ್ಲೆಂಡಿನ ಮಟ್ಟಿ ಒಟಾಲ 1970ರಲ್ಲಿ ಎಚ್ಚರಿಸಿದ್ದರು. ಅವರ ವಿವರಣೆಯ ಎಲ್ಲವನ್ನೂ ನಂತರದವರು ಒಪ್ಪಲಿಲ್ಲ. ಆದರೆ ಒಂದೇ ಅಂಕಿಯನ್ನು ಚೆಂದಗಾಣಿಸಲು ಹೊರಟರೆ ಅಳೆಯದ ಕಡೆ ಏನಾಗುತ್ತದೆ ಎಂಬ ಅವರ ಪ್ರಶ್ನೆ ನ್ಯಾಯವಾದದ್ದು.

ಇದಕ್ಕಿಂತ ಹತ್ತಿರದ ಆಕ್ಷೇಪ ಒಂದಿದೆ. ಪೆಟ್ಟಿಗೆಯ ಮೇಲಿನ ಡಿಸ್ಟಾರ್ಷನ್ ಅಂಕಿ ಸಾಮಾನ್ಯವಾಗಿ ಪೂರ್ಣಶಕ್ತಿಯದೋ ಅದರ ಸಮೀಪದ್ದೋ ಆಗಿರುತ್ತದೆ. ನಾವು ಕೇಳುವುದು ಸಾವಿರದಲ್ಲೊಂದು, ಮೂವತ್ತರಲ್ಲೊಂದು ವ್ಯಾಟ್‌ನಲ್ಲಿ. ಬಹುಪಾಲು ಆಂಪ್ಲಿಫೈಯರ್‌ಗಳಲ್ಲಿ ಅಲೆಯ ಮೇಲಿನ ಅರ್ಧವನ್ನು ಒಂದು ಟ್ರಾನ್ಸಿಸ್ಟರ್, ಕೆಳಗಿನ ಅರ್ಧವನ್ನು ಇನ್ನೊಂದು ಹೊರುತ್ತದೆ. ಒಂದರಿಂದ ಇನ್ನೊಂದಕ್ಕೆ ಹೊರೆ ದಾಟುವ ಜಾಗದಲ್ಲಿ ಹೊಂದಾಣಿಕೆ ಸರಿಯಿಲ್ಲದಿದ್ದರೆ ಅಲ್ಲೊಂದು ಸಣ್ಣ ಮೆಟ್ಟಿಲು ಉಳಿಯುತ್ತದೆ. ಸದ್ದು ದೊಡ್ಡದಿದ್ದಾಗ ಆ ಮೆಟ್ಟಿಲು ಲೆಕ್ಕಕ್ಕಿಲ್ಲ. ಸದ್ದು ಸಣ್ಣದಾದಷ್ಟೂ ಅದರ ಪಾಲು ದೊಡ್ಡದಾಗುತ್ತ ಹೋಗುತ್ತದೆ, ಅದೂ ಚುಚ್ಚುವ ಜಾತಿಯ ವಿಕೃತಿಯಾಗಿ. ತಂಬೂರಿಯನ್ನು ಅತಿ ಸಣ್ಣಗೆ ಹಚ್ಚಿ ಸ್ಪೀಕರ್‌ನ ಹತ್ತಿರ ಕಿವಿಯಿಟ್ಟು ನೋಡಿ. ಶ್ರುತಿಯ ಝೇಂಕಾರ ಒಂದೇ ನೂಲಿನಂತೆ ಹರಿದರೆ ಆಂಪ್ಲಿಫೈಯರ್ ಆರೋಗ್ಯವಾಗಿದೆ. ಝೇಂಕಾರದ ಅಂಚಿನಲ್ಲಿ ಮರಳು ಉಜ್ಜಿದಂಥ ಒರಟುತನ ಕಂಡರೆ ಪೂರ್ಣಶಕ್ತಿಯ 0.01 ಎಂಬ ಅಂಕಿ ನಿಮಗೆ ಏನೂ ಹೇಳಲಿಲ್ಲವೆಂದಾಯಿತು.

ಡ್ಯಾಂಪಿಂಗ್ ಫ್ಯಾಕ್ಟರ್ ಎಂಬುದು ಜಾಣ ಗಿರಾಕಿಗಳ ಅಂಕಿ. ಸ್ಪೀಕರ್‌ನ ಕೋನ್ ತನ್ನಷ್ಟಕ್ಕೆ ಅಲ್ಲಾಡದಂತೆ ಆಂಪ್ಲಿಫೈಯರ್ ಎಷ್ಟು ಬಿಗಿಯಾಗಿ ಹಿಡಿಯುತ್ತದೆ ಎಂಬುದರ ಸೂಚನೆ ಅದು. ಸ್ಪೀಕರ್‌ನ ಓಮ್ ಅನ್ನು ಆಂಪ್ಲಿಫೈಯರ್‌ನ ಒಳರೋಧದಿಂದ ಭಾಗಿಸಿದರೆ ಸಿಗುತ್ತದೆ. 200 ಇದ್ದದ್ದು ಒಳ್ಳೆಯದು, 1,000 ಇದ್ದರೆ ಬೇಸ್ ಐದು ಪಟ್ಟು ಬಿಗಿ ಎಂದು ಹೇಳಿ ಮಾರುತ್ತಾರೆ. ಲೆಕ್ಕ ಹಾಕೋಣ. 1,000 ಎಂದರೆ 0.008 ಓಮ್, 200 ಎಂದರೆ 0.04 ಓಮ್. ಐದು ಮೀಟರ್ ದೂರಕ್ಕೆ ಎಳೆದ 2.5 ಚದರ ಮಿ.ಮೀ. ತಾಮ್ರದ ತಂತಿಯ ಹೋಗಿಬರುವ ರೋಧವೇ 0.07 ಓಮ್. ಅದರಾಚೆ ಸ್ಪೀಕರ್‌ನ ಕಾಯಿಲ್ ಒಳಗೇ 6 ಓಮ್ ರೋಧ ಕುಳಿತಿದೆ. ಎಲ್ಲ ಕೂಡಿದರೆ ಒಂದರಲ್ಲಿ 6.08, ಇನ್ನೊಂದರಲ್ಲಿ 6.11. ಕೋನ್‌ಗೆ ತಿಳಿಯುವುದು ಈ ಮೊತ್ತ ಮಾತ್ರ. ಐದು ಪಟ್ಟು ಎಂಬುದು ಅರ್ಧ ಶೇಕಡಾ ಆಯಿತು.

ಆದರೆ ಈ ಅಂಕಿ 4ಕ್ಕೆ ಇಳಿದಾಗ ಕಥೆ ಬೇರೆ. ಎಂಟು ವ್ಯಾಟ್ ಕೊಡುವ ಕೆಲವು ವಾಲ್ವ್ ಆಂಪ್ಲಿಫೈಯರ್‌ಗಳ ಒಳರೋಧ 2 ಓಮ್ ಇರುತ್ತದೆ. ಸ್ಪೀಕರ್ 6 ಓಮ್ ಇದ್ದಲ್ಲಿ ಒಂದು ಮಟ್ಟ, 30 ಇದ್ದಲ್ಲಿ ಅದಕ್ಕಿಂತ ಸುಮಾರು 2 ಡೆಸಿಬೆಲ್ ಹೆಚ್ಚು ಕೇಳುತ್ತದೆ. ಬೇಸ್‌ನಲ್ಲಿ ಒಂದು ಉಬ್ಬು, ನಡುವೆ ಇನ್ನೊಂದು. ‘ವಾಲ್ವ್‌ನ ಬೆಚ್ಚನೆಯ ಸದ್ದು’ ಎಂದು ಬಣ್ಣಿಸುವುದರಲ್ಲಿ ಈ ಉಬ್ಬಿನ ಪಾಲು ಸಾಕಷ್ಟಿದೆ ಎಂಬುದು ನನ್ನ ಅನುಮಾನ. ಕರಪತ್ರದಲ್ಲಿ ಹಿಗ್ಗಿ ಬರೆಯುವ ದೊಡ್ಡ ಡ್ಯಾಂಪಿಂಗ್ ಫ್ಯಾಕ್ಟರ್‌ಗೆ ಅರ್ಥವಿಲ್ಲ; ನಾಚಿಕೊಂಡು ಮುಚ್ಚಿಡುವ ಸಣ್ಣದಕ್ಕೆ ಬಹಳ ಅರ್ಥವಿದೆ.

‘ಸಣ್ಣ ಆಂಪ್ಲಿಫೈಯರ್ ಟ್ವೀಟರ್ ಸುಡುತ್ತದೆ, ಆದ್ದರಿಂದ ದೊಡ್ಡದು ಕೊಳ್ಳಿ’ ಎಂಬ ಮಾತನ್ನೂ ಮೈಕ್‌ಸೆಟ್‌ನವರಿಂದ ಅಂಗಡಿಯವರವರೆಗೆ ಎಲ್ಲರೂ ಹೇಳುತ್ತಾರೆ. ಅನುಭವ ಸುಳ್ಳಲ್ಲ, ಕಾರಣ ಮಾತ್ರ ಸಡಿಲ. ಮಿತಿ ಮೀರಿದಾಗ ಅಲೆಯ ನೆತ್ತಿ ಕತ್ತರಿಸಿಹೋಗುತ್ತದೆ. ಕತ್ತರಿಸಿದ ಅಲೆಯಲ್ಲಿ ಸ್ಪೀಕರನ್ನು ಕೊಲ್ಲುವ ಮಾಯೆಯೇನಿಲ್ಲ. ಬೇಸ್‌ನ ಏರಿಕೆ ನಿಂತು, ಮೇಲಿನ ಸ್ವರಗಳು ಮಾತ್ರ ವಾಲ್ಯೂಮಿನ ಜೊತೆ ಏರುತ್ತಲೇ ಹೋಗುವುದರಿಂದ, ಆ ಸ್ವರಗಳನ್ನು ನುಡಿಸುವ, ಕೆಲವೇ ವ್ಯಾಟ್ ತಾಳಬಲ್ಲ ಟ್ವೀಟರ್‌ಗೆ ಅದರ ಪಾಲಿಗಿಂತ ಹೆಚ್ಚು ಬೀಳುತ್ತದೆ. ದೊಡ್ಡ ಆಂಪ್ಲಿಫೈಯರ್ ತಂದು ವಾಲ್ಯೂಮನ್ನು ಅಲ್ಲಿಗೇ ನಿಲ್ಲಿಸಿದರೆ ಟ್ವೀಟರ್ ಉಳಿಯುತ್ತದೆ. ಆದರೆ ಸಣ್ಣದನ್ನು ಕೊನೆಯವರೆಗೆ ತಿರುಗಿಸಿದ ಕೈ ದೊಡ್ಡದನ್ನು ಅರ್ಧಕ್ಕೆ ಬಿಟ್ಟೀತೆಂದು ನಂಬಲು ನನಗೆ ಆಧಾರ ಸಿಕ್ಕಿಲ್ಲ.

ಈಗ ಕಿವಿಯ ಪಕ್ಷದವರ ಸರದಿ. ಅಂಕಿಗಳು ಇಷ್ಟು ತಪ್ಪುದಾರಿ ಹಿಡಿಸುವುದಾದರೆ ಕೇಳಿಯೇ ಆರಿಸೋಣ ಎನ್ನುವುದು ಅವರ ಸಹಜ ತೀರ್ಮಾನ. ತೊಂದರೆಯೆಂದರೆ ಒಂದು ಡೆಸಿಬೆಲ್‌ಗಿಂತ ಕಡಿಮೆ ವ್ಯತ್ಯಾಸವನ್ನು ಕಿವಿ ‘ಜೋರು’ ಎಂದು ಗುರುತಿಸುವುದಿಲ್ಲ, ‘ಚೆನ್ನಾಗಿದೆ’ ಎಂದು ಗುರುತಿಸುತ್ತದೆ. ಅಂಗಡಿಯಲ್ಲಿ ಎರಡು ಆಂಪ್ಲಿಫೈಯರ್ ಪಕ್ಕಪಕ್ಕ ಇಟ್ಟು, ಮಾರಬೇಕಾದ್ದರ ವಾಲ್ಯೂಮನ್ನು ಕೂದಲೆಳೆಯಷ್ಟು ಏರಿಸಿದರೆ ಸಾಕು. ಕಣ್ಣೂ ಕಿವಿಯ ಕೆಲಸಕ್ಕೆ ಕೈಹಾಕುತ್ತದೆ: ಸಂಶೋಧಕರಾದ ಫ್ಲಾಯ್ಡ್ ಟೂಲ್ ಮತ್ತು ಶಾನ್ ಓಲಿವ್ 1994ರಲ್ಲಿ ನಡೆಸಿದ ಪರೀಕ್ಷೆಯಲ್ಲಿ, ಅದೇ ಕೇಳುಗರು ಸ್ಪೀಕರ್‌ಗಳನ್ನು ನೋಡುತ್ತ ಕೊಟ್ಟ ಅಂಕಕ್ಕೂ ಪರದೆಯ ಹಿಂದಿಟ್ಟಾಗ ಕೊಟ್ಟ ಅಂಕಕ್ಕೂ ಎದ್ದುಕಾಣುವ ವ್ಯತ್ಯಾಸವಿತ್ತು.

‘ಅಳತೆಗೆ ಸಿಗದ ಏನೋ ಇದೆ’ ಎಂಬ ಮಾತಿಗೆ ನನಗೆ ತಿಳಿದ ಅತ್ಯುತ್ತಮ ಉತ್ತರ 1985ರದು. ಅಮೆರಿಕದ ಬಾಬ್ ಕಾರ್ವರ್ ಎಂಬ ವಿನ್ಯಾಸಕಾರರು, ತಮ್ಮ ಕಡಿಮೆ ಬೆಲೆಯ ಟ್ರಾನ್ಸಿಸ್ಟರ್ ಆಂಪ್ಲಿಫೈಯರನ್ನು ಬೇಕಾದ ದುಬಾರಿ ಆಂಪ್ಲಿಫೈಯರ್‌ನಂತೆ ಹಾಡಿಸುತ್ತೇನೆಂದು ಸ್ಟೀರಿಯೋಫೈಲ್ ಪತ್ರಿಕೆಗೆ ಸವಾಲು ಹಾಕಿದರು. ಪತ್ರಿಕೆಯವರು ಆರಿಸಿದ್ದು ಒಂದು ದೊಡ್ಡ ವಾಲ್ವ್ ಆಂಪ್ಲಿಫೈಯರ್. ಕಾರ್ವರ್ ಹೋಟೆಲ್ ಕೋಣೆಯಲ್ಲಿ ಕುಳಿತು, ಎರಡರ ಸದ್ದನ್ನೂ ಒಂದರಿಂದೊಂದು ಕಳೆದು ಉಳಿಯುವ ಶೇಷವನ್ನು ಅಳೆಯುತ್ತ, ಸಣ್ಣಪುಟ್ಟ ಬಿಡಿಭಾಗಗಳನ್ನು ಬದಲಿಸುತ್ತ ಹೋದರು. ಕೊನೆಗೆ ಕೇಳಿ ಬೇರ್ಪಡಿಸಲು ಪತ್ರಿಕೆಯ ಅನುಭವಿ ಕಿವಿಗಳಿಂದ ಆಗಲಿಲ್ಲ. ಇದರಿಂದ ಎಲ್ಲ ಆಂಪ್ಲಿಫೈಯರ್‌ಗಳೂ ಒಂದೇ ಎಂದು ಕೆಲವರು ವಾದಿಸಿದರು. ನನಗೆ ಕಾಣುವುದು ಅದಲ್ಲ. ಮೊದಲು ವ್ಯತ್ಯಾಸವಿತ್ತು, ಅದು ಕೇಳುತ್ತಿತ್ತು, ಆದ್ದರಿಂದಲೇ ಅದನ್ನು ಅಳಿಸಲು ಶ್ರಮಪಡಬೇಕಾಯಿತು. ಆದರೆ ಅಳಿಸಲು ಸಾಧ್ಯವಾದದ್ದು ಅದು ಅಳತೆಗೆ ಸಿಕ್ಕಿದ್ದರಿಂದ. ಕೇಳುವ ವ್ಯತ್ಯಾಸ ಅಳತೆಗೆ ಮೀರಿದ್ದಲ್ಲ. ಕರಪತ್ರದಲ್ಲಿ ಅಚ್ಚಾಗುವ ನಾಲ್ಕು ಅಂಕಿಗಳಿಗೆ ಮೀರಿದ್ದು. ಕಾರ್ವರ್ ನಿಜವಾದ ಸ್ಪೀಕರ್ ಜೋಡಿಸಿಕೊಂಡೇ ಅಳೆದರು ಎಂಬುದನ್ನೂ ಮರೆಯಬಾರದು.

ಇಷ್ಟೆಲ್ಲ ಲೆಕ್ಕದ ನಂತರ ಉಳಿಯುವುದು ಕೋಣೆ. ಹತ್ತು ಅಡಿಗೆ ಹನ್ನೆರಡು ಅಡಿಯ, ಟೈಲ್ಸ್ ನೆಲದ, ಸಿಮೆಂಟ್ ಗೋಡೆಯ ನಮ್ಮ ಮಾಮೂಲಿ ಹಾಲ್‌ನಲ್ಲಿ 47 ಮತ್ತು 56 ಹರ್ಟ್ಸ್ ಸುತ್ತ ಸದ್ದಿನ ಅಲೆ ಗೋಡೆಯಿಂದ ಗೋಡೆಗೆ ಸಿಕ್ಕಿಕೊಂಡು ನಿಲ್ಲುತ್ತದೆ. ಒಂದು ಕುರ್ಚಿಯಲ್ಲಿ ಬೇಸ್ ಗುಡುಗಿದರೆ ಎರಡು ಹೆಜ್ಜೆ ಆಚೆಯ ಕುರ್ಚಿಯಲ್ಲಿ ಮಾಯವಾಗಿರುತ್ತದೆ. ಈ ಏರಿಳಿತ ಹತ್ತು ಡೆಸಿಬೆಲ್‌ಗೂ ಮಿಗಿಲಾಗುವುದುಂಟು. ಆಂಪ್ಲಿಫೈಯರ್‌ಗಳ ನಡುವಿನ ವ್ಯತ್ಯಾಸ ಒಂದು ಡೆಸಿಬೆಲ್‌ನ ಹತ್ತನೇ ಭಾಗಗಳಲ್ಲಿದ್ದಾಗ ಇದು ಸಣ್ಣದಲ್ಲ. ಅದಕ್ಕೇ ಮೇಲಿನ ದರ್ಜೆಯ ಆಂಪ್ಲಿಫೈಯರ್‌ಗೆಂದು ಹಣ ಕೂಡಿಡುತ್ತಿರುವವರಿಗೆ ನಾನು ಮೊದಲು ಹೇಳುವುದು ಸಬ್‌ವೂಫರ್ ಜಾಗ ಬದಲಿಸುವ ಹಳೆಯ ಉಪಾಯವನ್ನು. ಸೋಫಾ ಸರಿಸಿ, ನೀವು ಕೂರುವ ಜಾಗದಲ್ಲಿ ಸಬ್‌ವೂಫರ್ ಇಡಿ. ಬೇಸ್ ಚೆನ್ನಾಗಿರುವ ಹಾಡೊಂದನ್ನು ಹಚ್ಚಿ, ಕಿವಿ ನೆಲದ ಹತ್ತಿರವಿರುವಂತೆ ಗೋಡೆಯುದ್ದಕ್ಕೂ ಅಂಬೆಗಾಲಿಡಿ. ಎಲ್ಲಿ ಬೇಸ್ ಗುಂಯ್‌ಗುಡದೆ ಸಮವಾಗಿ ಕೇಳುತ್ತದೋ ಅಲ್ಲಿ ಸಬ್‌ವೂಫರ್ ಇಟ್ಟು ಸೋಫಾಕ್ಕೆ ಮರಳಿ. ಸದ್ದು ಹೋಗುವ ದಾರಿ ಮತ್ತು ಬರುವ ದಾರಿ ಒಂದೇ ಆದ್ದರಿಂದ ಅಲ್ಲಿ ಕೇಳಿದ್ದೇ ಇಲ್ಲೂ ಕೇಳುತ್ತದೆ. ಖರ್ಚು ಏನೂ ಇಲ್ಲ, ಮನೆಗೆ ನೆಂಟರು ಬಂದಿರುವ ದಿನ ಬೇಡ ಅಷ್ಟೇ.